ಎರಡು ಗುಡ್ಡದಾಚೆಯ ಊರು

ಹಾಳೆ, ಬಣ್ಣ ಕೊಟ್ಟು ‘ಒಂದು ಹಳ್ಳಿ ಬಿಡಿಸಿ’ ಎಂದರೆ ನಮ್ಮಲ್ಲಿ ಬಹುತೇಕರ ಕೈ ಒಂದೇ ಚಿತ್ರದತ್ತ ಓಡುತ್ತದೆ. ಮುಕ್ಕೋನದ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ದಂಡೆಯಲ್ಲೊಂದು ಮನೆ, ಪಕ್ಕಕ್ಕೆ ತೆಂಗಿನಮರ. ಶಾಲೆಯಲ್ಲಿ ಕಲಿತ ಈ ಹಳ್ಳಿ ಇಳಿವಯಸ್ಸಿನವರೆಗೂ ಬೆರಳಲ್ಲೇ ಉಳಿದಿರುತ್ತದೆ. ಕುಂಚವನ್ನೇ ಹಿಡಿಯದ ದೊಡ್ಡವರಿಗಾಗಿ ನಡೆಯುವ ಜಲವರ್ಣ ತರಗತಿಗಳು ಮೊದಲ ಪಾಠಕ್ಕೆ ಗ್ರಾಮದೃಶ್ಯವನ್ನು ಆರಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಎಲ್ಲರಿಗೂ ಗೊತ್ತಿರುವ ಹಳ್ಳಿಯಿಂದ ಹೊರಟು, ಯಾರೂ ಸರಿಯಾಗಿ ನೋಡಿರದ ಹಳ್ಳಿಯನ್ನು ಮುಟ್ಟುವುದೇ ಇಲ್ಲಿನ ಕಲಿಕೆ.

ಬೇಕಾಗುವ ಸಾಮಾನು ಕಡಿಮೆ. ದುಂಡು ತುದಿಯ ಎರಡು ಕುಂಚ, ಎರಡು ಲೋಟ ನೀರು, ಒಂದು ಹಳೆಯ ಬಟ್ಟೆ, ಐದಾರು ಬಣ್ಣ ಸಾಕು. ಕಾಗದದ ವಿಷಯದಲ್ಲಿ ಮಾತ್ರ ಜಿಪುಣತನ ಕೂಡದು. ತೆಳು ಡ್ರಾಯಿಂಗ್ ಹಾಳೆ ನೀರು ಬಿದ್ದೊಡನೆ ಅಲೆಯಲೆಯಾಗಿ ಉಬ್ಬುತ್ತದೆ. 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ಕಾಗದವನ್ನು ಹಲಗೆಗೆ ಟೇಪಿನಿಂದ ಅಂಟಿಸಿಕೊಂಡರೆ ಅರ್ಧ ತೊಂದರೆ ತಪ್ಪಿದಂತೆ.

ಪೆನ್ಸಿಲಿನ ನಾಲ್ಕು ಗೆರೆಗಳಲ್ಲಿ ಮನೆ, ಮರ, ದಾರಿಯ ಜಾಗ ಗುರುತಿಸಿದ ಮೇಲೆ ಕೆಲಸ ಮೇಲಿನಿಂದ ಕೆಳಕ್ಕೆ, ತಿಳಿಯಿಂದ ಗಾಢಕ್ಕೆ ಸಾಗುತ್ತದೆ. ಹಾಳೆಯ ಮೇಲ್ಭಾಗ ಒದ್ದೆ ಮಾಡಿ ನೀಲಿ ತಾಕಿಸಿದರೆ ಅದು ತಾನೇ ಹರಡಿ ಆಕಾಶವಾಗುತ್ತದೆ. ಇನ್ನೂ ಹಸಿ ಇರುವಾಗ ತೇವ ಹಿಂಡಿದ ಕುಂಚದಿಂದ ಬಣ್ಣ ಎತ್ತಿದರೆ ಮೋಡ. ಅದು ಆರುವತನಕ ಕೈ ಕಟ್ಟಿ ಕೂರಬೇಕು. ಹೊಸಬರಿಗೆ ಅತಿ ಕಷ್ಟದ ಪಾಠ ಈ ಕಾಯುವಿಕೆಯೇ. ಆಮೇಲೆ ದೂರದ ಗುಡ್ಡ. ನಡುವಿನ ಗಾಳಿಯಿಂದಾಗಿ ದೂರದ್ದೆಲ್ಲ ನೀಲಿಯಾಗಿ, ಮಸುಕಾಗಿ ಕಾಣುತ್ತದೆ. ಆದ್ದರಿಂದ ಅಲ್ಲಿ ನೀರು ಹೆಚ್ಚು, ಬಣ್ಣ ಕಡಿಮೆ.

ಮನೆಯ ಹತ್ತಿರ ಬಂದಾಗ ಜಲವರ್ಣದ ಗುಟ್ಟು ಬಿಚ್ಚಿಕೊಳ್ಳುತ್ತದೆ. ಇಲ್ಲಿ ಬೆಳಕು ಬರುವುದು ಕಾಗದದಿಂದ. ಬಿಸಿಲು ಬಿದ್ದ ಸುಣ್ಣದ ಗೋಡೆ ಬೇಕೆಂದರೆ ಆ ಜಾಗವನ್ನು ಖಾಲಿ ಬಿಡಬೇಕು. ಸುತ್ತ ಹಂಚಿನ ಕೆಂಪು, ಬಾಗಿಲೊಳಗಿನ ಕತ್ತಲು ಸೇರಿದಾಗ ಬಿಟ್ಟ ಜಾಗ ತಾನೇ ಹೊಳೆಯುತ್ತದೆ. ನೆರಳಿಗೆ ಕಪ್ಪು ಬಣ್ಣದ ಹಂಗಿಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾದ ಕಂದು ಬೆರೆಸಿದರೆ ಜೀವವಿರುವ ಬೂದು ಸಿಗುತ್ತದೆ. ಹಸಿರೂ ಒಂದಲ್ಲ. ಎಳೆ ಭತ್ತದ್ದು ಹಳದಿ ಮಿಶ್ರ, ಮಾವಿನದು ಕಪ್ಪಿಗೆ ಹತ್ತಿರ. ನೀಲಿ, ಹಳದಿಯ ಪ್ರಮಾಣ ಬದಲಿಸುತ್ತ ಇವನ್ನು ಕಂಡುಕೊಂಡವರಿಗೆ ಟ್ಯೂಬಿನ ಸಿದ್ಧ ಹಸಿರು ಆಮೇಲೆ ಒಗ್ಗುವುದಿಲ್ಲ.

ಇದನ್ನೆಲ್ಲ ವಿಡಿಯೊ ನೋಡಿ ಒಬ್ಬರೇ ಕಲಿಯಬಹುದು. ಆದರೆ ಗುಂಪಿನ ಲಾಭವೇ ಬೇರೆ. ಪಕ್ಕದವರ ಹಾಳೆಯಲ್ಲಿ ನೀರು ಹೆಚ್ಚಾದದ್ದು, ಎದುರಿನವರ ಗುಡ್ಡ ಆರುವ ಮೊದಲೇ ಮನೆಗೆ ನುಗ್ಗಿದ್ದು, ಎಲ್ಲವೂ ಎಲ್ಲರಿಗೂ ಪಾಠ. ಕೊನೆಗೆ ಚಿತ್ರಗಳನ್ನು ಸಾಲಾಗಿ ಇಟ್ಟಾಗ ಒಂದೇ ದೃಶ್ಯ ಇಷ್ಟೊಂದು ಬಗೆಯಾಗಿರುವುದು ಕಾಣುತ್ತದೆ. ಒಬ್ಬರಿಗೆ ಮರ ಮುಖ್ಯ, ಇನ್ನೊಬ್ಬರಿಗೆ ದಾರಿ. ‘ನನಗೆ ಚಿತ್ರ ಬರುವುದಿಲ್ಲ’ ಎಂಬ ಅಂಜಿಕೆ ಕರಗುವುದೂ ಅಲ್ಲಿಯೇ.

ಮುಂದಿನ ಹೆಜ್ಜೆಗೆ ನಮ್ಮ ನಾಡಿನಲ್ಲೇ ಗುರುಗಳಿದ್ದಾರೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಗ್ಯಾಲರಿ ಯಾರ ಹೆಸರು ಹೊತ್ತಿದೆಯೋ ಆ ಕೆ. ವೆಂಕಟಪ್ಪ (1886–1965) ಊಟಿ, ಕೊಡೈಕನಾಲ್‌ಗಳ ಮಂಜು, ಬೆಳಕನ್ನು ಜಲವರ್ಣದಲ್ಲಿ ಹಿಡಿದವರು. ಸ್ವಾತಂತ್ರ್ಯ ಹೋರಾಟಗಾರರೂ ಆಗಿದ್ದ ರುಮಾಲೆ ಚನ್ನಬಸವಯ್ಯ ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬಣ್ಣದಲ್ಲಿ ಉಳಿಸಿಕೊಟ್ಟರು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು (1911–1996) ಹಳ್ಳಿಯ ದುಡಿಮೆಯನ್ನೂ ಹಬ್ಬವನ್ನೂ ಕ್ಯಾನ್ವಾಸಿಗೆ ತಂದರು. ಕುಂಚ ಹಿಡಿದು ಒದ್ದಾಡಿದವರು ಇವರ ಕೃತಿಗಳ ಮುಂದೆ ನಿಂತರೆ ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಾರೆ.

ತರಗತಿಗೆ ಸೇರಿದವರೆಲ್ಲ ಕಲಾವಿದರಾಗಬೇಕಿಲ್ಲ. ಬಸ್ಸಿನ ಕಿಟಕಿಯಾಚೆ ಓಡುವ ಗದ್ದೆಯಲ್ಲಿ ಎಷ್ಟು ಹಸಿರುಗಳಿವೆ ಎಂದು ಎಣಿಸುವ ಕಣ್ಣು ಬಂದರೂ ತರಗತಿಗೆ ಕೊಟ್ಟ ದಿನ ಸಾರ್ಥಕ. ಬಿಡುವಿರುವ ಯಾರೇ ಆಗಲಿ, ವಯಸ್ಸು ನೋಡದೆ ಒಮ್ಮೆ ಹೋಗಿ ಕೂರಬೇಕು.