ಹಿಮದ ನಾಡಿನಲ್ಲಿ ನವಿಲು

ನವಿಲು ಎಂದೊಡನೆ ನೆನಪಾಗುವುದು ಕಾರ್ಮೋಡ, ಮೊದಲ ಮಳೆ, ಬಿಚ್ಚಿದ ಗರಿ. ಚಳಿಗಾಲದ ನವಿಲನ್ನು ಕೇಳುವವರಿಲ್ಲ. ಬಳ್ಳಾರಿಯ ಮಕ್ಕಳಿಗಂತೂ ಚಳಿಯೇ ಅಪರೂಪದ ಅತಿಥಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಈ ಊರಿನಲ್ಲಿ ಡಿಸೆಂಬರ್ ನಸುಕಿಗೆ ಪಾದರಸ 15ರ ಆಸುಪಾಸಿಗೆ ಇಳಿದರೆ ಸಾಕು, ಕೌಲ್ ಬಜಾರಿನ ಓಣಿಗಳಲ್ಲಿ ಸ್ವೆಟರು, ಮಂಕಿ ಕ್ಯಾಪುಗಳು ಹೊರಬರುತ್ತವೆ. ‘ಏನ್ ಥಂಡಿ ಐತಪ್ಪ’ ಎನ್ನದೆ ಯಾರೂ ಚಹಾದ ಲೋಟ ಕೈಗೆ ತೆಗೆದುಕೊಳ್ಳುವುದಿಲ್ಲ. ಇದೇ ಸೀಮೆಯ ಹೊಲಗಳಲ್ಲಿ ಓಡಾಡುವ ಹಕ್ಕಿಯನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಹಿಮದಲ್ಲಿ ಬಿಟ್ಟರೆ ಬದುಕೀತೆ?

ಬದುಕುತ್ತದೆ. ಕೆನಡಾದಲ್ಲಿ, ಅಮೆರಿಕದ ಉತ್ತರದ ರಾಜ್ಯಗಳಲ್ಲಿ ತೋಟದ ಮನೆಯವರು ನವಿಲು ಸಾಕುತ್ತಾರೆ. ಉತ್ತರದ ನಾಡುಗಳಿಗೆ ನವಿಲು ಹೊಸದೂ ಅಲ್ಲ. ನಾರ್ವೆಯ ಗೊಕ್‌ಸ್ಟಾಡ್ ಎಂಬಲ್ಲಿ 1880ರಲ್ಲಿ ಮಣ್ಣಿನ ದಿಬ್ಬವೊಂದನ್ನು ಅಗೆದಾಗ ವೈಕಿಂಗರ ಕಾಲದ ಇಡೀ ಹಡಗೇ ಸಿಕ್ಕಿತು. ಸುಮಾರು ಕ್ರಿ.ಶ. 900ರಲ್ಲಿ ಅದರೊಳಗೆ ಮುಖಂಡನೊಬ್ಬನನ್ನು ಹೂಳಲಾಗಿತ್ತು. ಜತೆಗೆ ಕುದುರೆ, ನಾಯಿಗಳ ಎಲುಬುಗಳಿದ್ದವು. ನವಿಲಿನ ಅವಶೇಷವೂ ಇತ್ತು! ನಮ್ಮ ನಾಡಿನ ಹಕ್ಕಿ ಯಾರ ಯಾರ ಕೈ ದಾಟಿ ಅಲ್ಲಿಗೆ ಮುಟ್ಟಿತೋ.

ಹಕ್ಕಿಯ ಮೈಯ ಬಿಸಿ ಸುಮಾರು 40 ಡಿಗ್ರಿ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕಡಿಮೆ ಇದ್ದರೆ ಒಳಗೂ ಹೊರಗೂ 60 ಡಿಗ್ರಿ ಅಂತರ. ಇದನ್ನು ತಡೆಯುವುದು ಮಕ್ಕಳು ಪುಸ್ತಕದಲ್ಲಿಡುವ ಕಣ್ಣಿನ ಗರಿಯಲ್ಲ, ಮೈಗಂಟಿದ ಸಣ್ಣ ಪುಕ್ಕ. ಚಳಿಗೆ ನವಿಲು ಪುಕ್ಕ ಉಬ್ಬಿಸಿ ಕೂರುತ್ತದೆ. ಪುಕ್ಕಗಳ ನಡುವೆ ಸಿಕ್ಕಿಬಿದ್ದ ಗಾಳಿಯೇ ಅದರ ಕಂಬಳಿ. ಪುಕ್ಕ ತೊಯ್ದರೆ ಅಥವಾ ಬಿರುಗಾಳಿ ಅದನ್ನು ಎಬ್ಬಿಸಿದರೆ ಕಂಬಳಿ ಕಿತ್ತುಕೊಂಡಂತೆಯೇ. ಆದ್ದರಿಂದ ಸಾಕುವವರು ಒಣ ಚಳಿಗಿಂತ ತೇವಕ್ಕೆ ಹೆಚ್ಚು ಹೆದರುತ್ತಾರೆ.

ಪುಕ್ಕವಿಲ್ಲದ ಕಾಲಿನ ಕಥೆ ಇನ್ನೂ ಸ್ವಾರಸ್ಯ. ಕಾಲಿಗಿಳಿಯುವ ಬಿಸಿ ರಕ್ತದ ನಾಳವೂ ಪಾದದಿಂದ ಮೇಲೇರುವ ತಣ್ಣನೆಯ ರಕ್ತದ ನಾಳವೂ ಅಕ್ಕಪಕ್ಕದಲ್ಲೇ ಸಾಗುತ್ತವೆ. ಇಳಿಯುವ ರಕ್ತ ತನ್ನ ಬಿಸಿಯನ್ನು ಏರುವ ರಕ್ತಕ್ಕೆ ಕೊಟ್ಟುಬಿಡುತ್ತದೆ. ಪಾದ ತಣ್ಣಗಿದ್ದರೂ ಒಡಲ ಬಿಸಿ ಸೋರಿಹೋಗುವುದಿಲ್ಲ. ಆದರೆ ಪಾದ ತೀರಾ ತಣ್ಣಗಾಗಿ ಬೆರಳಿನ ಮಾಂಸವೇ ಹೆಪ್ಪುಗಟ್ಟಿದರೆ ಅದು ಕಪ್ಪಾಗಿ, ಒಣಗಿ, ಕೊನೆಗೆ ಉದುರಿಯೂ ಹೋಗಬಹುದು. ಅದಕ್ಕೇ ಆ ದೇಶಗಳಲ್ಲಿ ನವಿಲು ಕೂರಲು ದುಂಡನೆಯ ಕೋಲು ಇಡುವುದಿಲ್ಲ, ನಾಲ್ಕು ಅಂಗುಲ ಅಗಲದ ಹಲಗೆ ಇಡುತ್ತಾರೆ. ಹಲಗೆಯ ಮೇಲೆ ಬೆರಳು ಚಾಚಿ ಕೂತರೆ ಎದೆಯ ಪುಕ್ಕ ಅವನ್ನು ಪೂರ್ತಿ ಮುಚ್ಚುತ್ತದೆ. ಕಬ್ಬಿಣದ ಪೈಪು ಮಾತ್ರ ಕೂಡದು.

ಮನೆಯೂ ಅರಮನೆಯೇನಲ್ಲ. ಗಾಳಿ ಬೀಸುವ ಕಡೆಗೆ ಗೋಡೆ, ಮೇಲೊಂದು ಸೂರು, ನೆಲಕ್ಕೆ ಒಣಹುಲ್ಲು. ಬೆಚ್ಚಗಿರಲೆಂದು ಎಲ್ಲ ಸಂದು ಮುಚ್ಚಿದರೆ ಅದೇ ಅಪಾಯ. ಉಸಿರಿನ, ಹಿಕ್ಕೆಯ ತೇವ ಒಳಗೇ ನಿಂತು ಹಕ್ಕಿಯ ಮೈಮೇಲೆ ಕೂರುತ್ತದೆ. ಹಾಗಾಗಿ ಸೂರಿನ ಕೆಳಗೆ ಬೆಳಕಿಂಡಿ ಬೇಕು. ಕಷ್ಟವೆಂದರೆ ನವಿಲಿಗೆ ಮನೆಯೇ ಬೇಡ! ಸಂಜೆಯಾದರೆ ಎತ್ತರದ ಮರ ಹುಡುಕುವುದು ಅದರ ಹುಟ್ಟುಗುಣ. ಕತ್ತಲಾಗುವ ಮೊದಲೇ ಕಾಳು ತೋರಿಸಿ ಒಳಗೆ ಕರೆಯಬೇಕು. ಅಲ್ಲಿನ ಚಳಿಗಾಲದ ರಾತ್ರಿ ಹದಿನೈದು, ಹದಿನಾರು ತಾಸು. ಅಷ್ಟು ಹೊತ್ತು ಒಲೆ ಉರಿಯಬೇಕಾದ್ದು ಹೊಟ್ಟೆಯೊಳಗೆ. ಅದಕ್ಕೆ ಸಂಜೆ ಮೆಕ್ಕೆಜೋಳದ ಇಡಿ ಕಾಳು. ನೀರು ಹೆಪ್ಪುಗಟ್ಟಿದರೆ ಹಕ್ಕಿ ಮೇವನ್ನೂ ಬಿಡುತ್ತದೆ. ದಿನಕ್ಕೆ ಎರಡು ಮೂರು ಸಲ ಬೆಚ್ಚನೆಯ ನೀರು ಇಡಬೇಕು.

ಇದೆಲ್ಲ ನಮ್ಮ ನೀಲಿ ನವಿಲಿನ ಮಾತು. ಹಿಮಾಲಯದ ತಪ್ಪಲಿನಲ್ಲಿ ಸುಮಾರು 1,800 ಮೀಟರ್ ಎತ್ತರದವರೆಗೂ ಅದು ಕಾಣಸಿಗುತ್ತದೆ. ಜಾವಾ, ಮ್ಯಾನ್ಮಾರ್ ಕಡೆಯ ಹಸಿರು ನವಿಲಿಗೆ ಈ ತಾಳಿಕೆಯಿಲ್ಲ, ಅದಕ್ಕೆ ಬಿಸಿ ಮಾಡಿದ ಕೋಣೆಯೇ ಬೇಕು.

ನೀಲಿ ನವಿಲಿಗೂ ಈ ಗಟ್ಟಿತನ ಹುಟ್ಟಿನಿಂದ ಬಂದದ್ದಲ್ಲ. ಮರಿಯ ಮೈಮೇಲಿರುವುದು ಬರೀ ನವಿರು ತುಪ್ಪಳ. ಮೊದಲ ಕೆಲವು ವಾರ ತನ್ನ ಬಿಸಿಯನ್ನು ತಾನು ಕಾಯ್ದುಕೊಳ್ಳಲಾರದು. ಸಾಕುವವರು ಮೊದಲ ವಾರ 35 ಡಿಗ್ರಿ ಕಾವಿನಲ್ಲಿಟ್ಟು, ಬಳಿಕ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸುತ್ತಾರೆ. ಕಾಡಿನಲ್ಲಿ ಆ ಕೆಲಸ ತಾಯಿಯ ರೆಕ್ಕೆಯದು. ಹೊಲದ ಬದುವಿನಲ್ಲಿ ಸಿಕ್ಕ ಮೊಟ್ಟೆಯನ್ನು ಮನೆಯ ಕೋಳಿಗೆ ಕಾವಿಗಿಡುವ, ಮರಿಯನ್ನು ಬುಟ್ಟಿಯಲ್ಲಿ ತರುವ ಆಸೆ ಹಳ್ಳಿಯ ಮಕ್ಕಳಿಗೆ ಬರುವುದು ಸಹಜ. ಅಪ್ಪ ಅಮ್ಮಂದಿರೂ ನಕ್ಕು ಸುಮ್ಮನಾಗಬಹುದು. ಆದರೆ ಹಿಮವೇ ಬೀಳಬೇಕೆಂದಿಲ್ಲ, ಬಳ್ಳಾರಿಯ ಒಂದು ಮಳೆಯ ರಾತ್ರಿಯ ಶೀತವೇ ತೊಯ್ದ ಮರಿಗೆ ಸಾಕಾಗುತ್ತದೆ. ಕಾನೂನೂ ಸುಮ್ಮನಿಲ್ಲ. 1963ರಲ್ಲಿ ರಾಷ್ಟ್ರಪಕ್ಷಿಯಾದ ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ. ಹಿಡಿಯುವುದು, ಸಾಕುವುದು, ಮೊಟ್ಟೆ ತೆಗೆಯುವುದು ಎಲ್ಲವೂ ಅಪರಾಧ. ಬೇಟೆಗೆ ಕನಿಷ್ಠ 3, ಗರಿಷ್ಠ 7 ವರ್ಷ ಸೆರೆ. ಮೊಟ್ಟೆ ಕದಿಯುವುದನ್ನೂ ಕಾಯ್ದೆ ಬೇಟೆ ಎಂದೇ ಎಣಿಸುತ್ತದೆ. ಒಂಟಿ ಮರಿ ಕಂಡರೆ ಅಲ್ಲೇ ಬಿಟ್ಟು ದೂರ ಸರಿಯುವುದು ಮೇಲು. ತಾಯಿ ಸಾಮಾನ್ಯವಾಗಿ ಹತ್ತಿರದ ಪೊದೆಯಲ್ಲೇ ಇರುತ್ತದೆ. ಗಾಯಗೊಂಡಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ನವಿಲು ನೋಡಬೇಕೆಂದರೆ ಬಹಳ ದೂರ ಹೋಗಬೇಕಾಗಿಲ್ಲ. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದಲ್ಲಿ ಮಧ್ಯಾಹ್ನದ ಬಳಿಕ ಕರಡಿಗಳು ಬರುವ ಬಂಡೆಗಳ ಸುತ್ತ ನವಿಲುಗಳೂ ಸುಳಿಯುತ್ತವೆ. ಚಳಿಗಾಲದಲ್ಲಿ ಹೋದ ಮಕ್ಕಳಿಗೆ ಸೋಗೆಯ ಗಂಡು ಕಾಣದೆ ಬೇಸರವಾದೀತು. ಮಳೆಗಾಲ ಮುಗಿಯುವ ಹೊತ್ತಿಗೆ ಗಂಡು ತನ್ನ ಉದ್ದ ಗರಿಗಳನ್ನೆಲ್ಲ ಉದುರಿಸಿರುತ್ತದೆ, ಹೊಸವು ಪೂರ್ತಿ ಬೆಳೆಯಲು ಕೆಲವು ತಿಂಗಳು ಬೇಕು. ಆಗ ಬಾಲ ನೋಡದೆ ಕೊರಳು ನೋಡಬೇಕು. ಗಂಡಿನ ಕೊರಳಿನ ನೀಲಿ ವರ್ಷವಿಡೀ ಇರುತ್ತದೆ. ಹೆಣ್ಣಿನದು ಹಸಿರು ಛಾಯೆ.