ಮಕ್ಕಳು ಬರೆದ ಕಥೆಗೆ ಬೆಲೆ ಕಟ್ಟುವ ಬಗೆ

ಮಾಧ್ಯಮಿಕ ಶಾಲೆಯ ಹುಡುಗನು ಮಾಡಿದ ಲೆಕ್ಕವು ಸರಿಯೋ ತಪ್ಪೋ ಎಂಬುದನ್ನು ನಿರ್ಣಯಿಸುವುದು ಕಷ್ಟವಲ್ಲ. ಅದೇ ಹುಡುಗನು ಸ್ವಂತವಾಗಿ ಕಟ್ಟಿ ಬರೆದ ಕಥೆಗೆ ಹತ್ತಕ್ಕೆ ಎಷ್ಟು ಅಂಕವೆಂದು ಕೇಳಿದರೆ ಉಪಾಧ್ಯಾಯರ ಲೇಖನಿ ತಡೆಯುತ್ತದೆ, ತಡೆಯುವುದೇ ನ್ಯಾಯ. ಶ್ರೋತೃಗಳಲ್ಲಿ ಅನೇಕರು ತಂದೆತಾಯಿಗಳಾಗಿರುವುದರಿಂದ ಈ ವಿಷಯವನ್ನು ಸ್ವಲ್ಪ ವಿಚಾರಮಾಡೋಣ.

1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ವಿದ್ವಾಂಸರು ಇಂಗ್ಲಿಷಿನ ಎರಡು ಉತ್ತರಪತ್ರಿಕೆಗಳ ಪ್ರತಿಗಳನ್ನು 142 ಮಂದಿ ಉಪಾಧ್ಯಾಯರಿಂದ ತಿದ್ದಿಸಿದರು. ಒಂದೇ ಪತ್ರಿಕೆಗೆ ಒಬ್ಬರು ನೂರಕ್ಕೆ 64 ಕೊಟ್ಟರೆ ಇನ್ನೊಬ್ಬರು 98 ಕೊಟ್ಟಿದ್ದರು. 1961ರಲ್ಲಿ ಡೀಡರಿಕ್ ಮತ್ತು ಅವರ ಸಹೋದ್ಯೋಗಿಗಳು ಕಾಲೇಜು ವಿದ್ಯಾರ್ಥಿಗಳ 300 ಪ್ರಬಂಧಗಳನ್ನು 53 ಮಂದಿಗೆ ಓದಲು ಕೊಟ್ಟು, ಒಂಬತ್ತು ದರ್ಜೆಗಳಲ್ಲಿ ವಿಂಗಡಿಸಿರೆಂದು ಕೇಳಿದರು. ನೂರಕ್ಕೆ 94 ಪ್ರಬಂಧಗಳು ಏಳಕ್ಕೆ ಕಡಮೆಯಿಲ್ಲದಷ್ಟು ಬೇರೆ ಬೇರೆ ದರ್ಜೆಗಳನ್ನು ಪಡೆದುವು! ಓದಿದವರು ಅಜಾಗರೂಕರಲ್ಲ. ಒಬ್ಬರು ವಿಚಾರವನ್ನು ನೋಡಿದರು, ಒಬ್ಬರು ಕಾಗುಣಿತವನ್ನು, ಮತ್ತೊಬ್ಬರು ಜೋಡಣೆಯನ್ನು. ಪ್ರಬಂಧದ ಪಾಡೇ ಹೀಗಿದ್ದರೆ ಕಥೆಯ ಮಾತೇನು?

ಒಬ್ಬ ಹುಡುಗಿಯು, ಸುಳ್ಳು ಹೇಳಿದವನಿಗೆ ಶಿಕ್ಷೆಯಾಯಿತೆಂಬ ಕಥೆಯನ್ನು ಒಂದೂ ತಪ್ಪಿಲ್ಲದೆ ಬರೆದಿರುವಳೆಂದು ಇಟ್ಟುಕೊಳ್ಳೋಣ. ಪಕ್ಕದ ಹುಡುಗನ ಕಥೆಯಲ್ಲಿ, ಸಂತೆಯಲ್ಲಿ ಮಾರಿದ ಹಸುವು ರಾತ್ರಿ ತಾನಾಗಿಯೇ ಮನೆಗೆ ಮರಳುತ್ತದೆ. ಬಂದ ಹಣವನ್ನು ಆಗಲೇ ವೆಚ್ಚಮಾಡಿದ್ದ ಅಜ್ಜಿಯು ಅದರ ಕೂಗನ್ನು ಕೇಳುತ್ತ ಕದ ತೆರೆಯದೆ ಕುಳಿತಿರುತ್ತಾಳೆ. ಹ್ರಸ್ವದೀರ್ಘಗಳು ತಪ್ಪಿವೆ, ಕೊನೆಯು ಅವಸರದ್ದು. ಆದರೂ ಆ ಅಜ್ಜಿಯನ್ನು ಕಂಡ ಕಣ್ಣು ಕಥೆಗಾರನದು. ಅವಳಿಗೆ ಎಂಟು, ಇವನಿಗೆ ನಾಲ್ಕು ಎಂದು ಬರೆದುಕೊಟ್ಟರೆ ಮುಂದಿನ ಸಲ ಇವನೂ ಸುಳ್ಳುಗಾರನ ಕಥೆಯನ್ನೇ ಬರೆದು ತರುತ್ತಾನೆ.

ಸಂಭಾಷಣೆಗೆ ಎರಡು, ಉಪಮೆಗೆ ಎರಡು ಎಂದು ಅಂಕಗಳನ್ನು ಹಂಚಿಡುವ ಪದ್ಧತಿಯೂ ಉಂಟು. ಇದರಿಂದ ತಿದ್ದುವವರಲ್ಲಿ ಒಮ್ಮತ ಹೆಚ್ಚೀತು. ಉಪಮೆಗಳೂ ಹೆಚ್ಚಾವು, ಬೇಕಾದರೂ ಬೇಡವಾದರೂ! ಕೆಂಪು ಶಾಯಿಯನ್ನು ಮುಟ್ಟದೆ ಕಥೆಯನ್ನು ಒಮ್ಮೆ ಪೂರ್ತಿಯಾಗಿ ಓದುವುದು, ಕಾಗುಣಿತಕ್ಕೆ ಬೇರೆಯೇ ಅಂಕವನ್ನಿಡುವುದು, ಇಬ್ಬರು ಪ್ರತ್ಯೇಕವಾಗಿ ಓದುವುದು ನಮಗೆ ಮೇಲೆನಿಸುತ್ತದೆ. ಎರಡೆರಡು ಕಥೆಗಳನ್ನು ಜೊತೆಗಿಟ್ಟು ಯಾವುದು ಮೇಲೆಂದು ಕೇಳುವ ಕ್ರಮವೂ ಇದೆ. ಅದಕ್ಕೆ ಆಧಾರವಾದ ಸೂತ್ರವನ್ನು ಥರ್ಸ್ಟನ್ 1927ರಲ್ಲಿಯೇ ನಿರೂಪಿಸಿದನು. ಹತ್ತಕ್ಕೆ ಆರೋ ಏಳೋ ಎಂದು ತೂಗುವುದಕ್ಕಿಂತ ಇದು ಮನುಷ್ಯನಿಗೆ ಸಹಜ.

ಇನ್ನು ಅಂಚಿನ ಟಿಪ್ಪಣಿ. ಇಸ್ರೇಲಿನ ಐದನೆಯ, ಆರನೆಯ ತರಗತಿಯ ಮಕ್ಕಳಲ್ಲಿ ರೂತ್ ಬಟ್ಲರ್ ನಡೆಸಿ 1988ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಬರಿಯ ಟಿಪ್ಪಣಿಯನ್ನು ಪಡೆದವರ ಆಸಕ್ತಿಯು ಉಳಿಯಿತು; ಟಿಪ್ಪಣಿಯ ಜೊತೆಗೆ ಅಂಕವನ್ನೂ ಪಡೆದವರಲ್ಲಿ ಆ ಪ್ರಯೋಜನ ಕಾಣಲಿಲ್ಲ. ಅಲ್ಲಿ ಕೊಟ್ಟಿದ್ದ ಕೆಲಸ ಕಥಾರಚನೆಯಲ್ಲವೆಂಬುದು ನಿಜ. ಆದರೂ ವರ್ಷದಲ್ಲಿ ಬರೆದ ಕಥೆಗಳಲ್ಲಿ ವಿದ್ಯಾರ್ಥಿಯೇ ಆರಿಸಿಕೊಟ್ಟ ಒಂದಕ್ಕೆ ಮಾತ್ರ ಅಂಕವನ್ನು ಕೊಟ್ಟು, ಉಳಿದವುಗಳ ಅಂಚಿನಲ್ಲಿ “ಆ ಹಸು ಬೆಳಗಿನವರೆಗೂ ಬಾಗಿಲಲ್ಲೇ ನಿಂತಿತ್ತೆ?” ಎಂಬಂಥ ಒಂದು ಪ್ರಶ್ನೆಯನ್ನು ಬರೆದುಕೊಡುವುದಕ್ಕೆ ಶಾಲೆಯ ಯಾವ ನಿಯಮವೂ ಅಡ್ಡಬರಲಾರದು.