ಮೇಜಿನ ಮೇಲಣ ಬಿಳಿಯ ಉಂಗುರ

ಕೊಳ್ಳೇಗಾಲದ ಮಗ್ಗುಲಿನ ಮಧುವನಹಳ್ಳಿಯಂಥ ಊರಿನ ಮನೆಯಲ್ಲಿ ಅಜ್ಜನ ಕಾಲದ ಮೇಜೊಂದಿದ್ದರೆ ಅದಕ್ಕೆ ಬಿಡುವೇ ಇಲ್ಲ. ಬೆಳಿಗ್ಗೆ ಕಾಫಿಯ ಲೋಟ, ಮಧ್ಯಾಹ್ನ ಸಾರಿನ ಪಾತ್ರೆ, ಸಂಜೆ ಮಕ್ಕಳ ಪುಸ್ತಕ, ರಾತ್ರಿ ನೀರಿನ ಚೊಂಬು, ಎಲ್ಲಕ್ಕೂ ಅದೇ ನೆಲೆ. ಒಂದು ದಿನ ಅದರ ಮೇಲೆ ಬಿಳಿಯ ಉಂಗುರ ಮೂಡುತ್ತದೆ. ಮರ ಕೆಟ್ಟಿತೆಂದು ಮನೆಯವರು ಉಪ್ಪುಕಾಗದ ಹಿಡಿದು ತಿಕ್ಕುತ್ತಾರೆ. ಮೇಜು ನಿಜವಾಗಿ ಕೆಡುವುದು ಆಗ.

ಹೊಳೆಯುವುದು ಮರವಲ್ಲ, ಅದರ ಮೇಲಣ ತೆಳುವಾದ ಪೊರೆ. ಹಳೆಯ ಮೇಜುಗಳಲ್ಲಿ ಇದು ಬಹುಮಟ್ಟಿಗೆ ಅರಗಿನದು. ಮರದ ರೆಂಬೆಗಳ ಮೇಲೆ ಬದುಕುವ ಸಣ್ಣ ಕೀಟವೊಂದು ಸ್ರವಿಸುವ ಅರಗನ್ನು ಶೋಧಿಸಿ, ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯುಂಡೆಯಿಂದ ಪದರ ಪದರವಾಗಿ ಹಚ್ಚುವುದೇ ಫ್ರೆಂಚ್ ಪಾಲಿಷ್. ಅರಗು ನಮ್ಮ ನಾಡಿಗೆ ಹೊಸದಲ್ಲ. ಚನ್ನಪಟ್ಟಣದ ಬೊಂಬೆಗಳಿಗೆ ಮೆರುಗು ಕೊಡುವುದು ಅದೇ. ಇಂದು ಚುನಾವಣೆಯ ಶಾಯಿಗೆ ಹೆಸರಾದ ಮೈಸೂರಿನ ಸರ್ಕಾರಿ ಬಣ್ಣದ ಕಾರ್ಖಾನೆಯೂ 1937ರಲ್ಲಿ ಅರಗಿನ ಹೆಸರು ಹೊತ್ತೇ ಹುಟ್ಟಿತು.

ಈ ಪೊರೆಗೆ ಶತ್ರುಗಳು ಮೂರು. ಮೊದಲನೆಯದು ಬಿಸಿ. ಸುಮಾರು 75 ಡಿಗ್ರಿ ಸೆಲ್ಸಿಯಸ್ಸಿಗೆ ಅರಗು ಮೆದುವಾಗುತ್ತದೆ. ಒಲೆಯಿಂದ ಆಗತಾನೆ ಇಳಿಸಿದ ಪಾತ್ರೆ ಅದಕ್ಕಿಂತಲೂ ಬಿಸಿ. ಎರಡನೆಯದು ನೀರು. ತೇವವು ಪೊರೆಯೊಳಗೆ ಸಿಕ್ಕಿಕೊಂಡಾಗ ಬೆಳಕು ಚದರಿ ಬಿಳಿಯ ಕಲೆ ಕಾಣುತ್ತದೆ. ಮೂರನೆಯದು ಸ್ಪಿರಿಟ್. ಅರಗನ್ನು ಕರಗಿಸಿದ್ದೇ ಅದು. ಆದುದರಿಂದ ಅತ್ತರು, ಕೈಗೆ ಹಚ್ಚುವ ಸ್ಯಾನಿಟೈಸರ್ ಚೆಲ್ಲಿದರೂ ಮೆರುಗು ಕರಗುತ್ತದೆ.

ಬಿಳಿಯ ಕಲೆಗೆ ಅವಸರ ಬೇಡ. ಒಂದೆರಡು ದಿನ ಗಾಳಿಗೆ ಒಣಗಲು ಬಿಟ್ಟರೆ ಅನೇಕ ವೇಳೆ ತಾನಾಗಿಯೇ ಮಾಸುತ್ತದೆ. ಉಳಿದರೆ ಮೆತ್ತನೆಯ ಬಟ್ಟೆಗೆ ತುಸು ಮೇಣದ ಪಾಲಿಷ್ ಸೋಕಿಸಿ, ಮರದ ಎಳೆಯ ಗುಂಟ ಹಗುರವಾಗಿ ಒರೆಸಬಹುದು. ಕಲೆ ಕಪ್ಪಾಗಿದ್ದರೆ ನೀರು ಮರವನ್ನೇ ಮುಟ್ಟಿದೆಯೆಂದು ತಿಳಿಯಬೇಕು. ಅದು ಬಡಗಿಯ ಕೆಲಸ.

ಕಾಪಾಡುವ ಉಪಾಯಗಳು ಸುಲಭ. ಬಿಸಿ ಪಾತ್ರೆಗೆ ಸಿಂಬಿ, ಲೋಟಕ್ಕೆ ದಪ್ಪ ಬಟ್ಟೆಯ ತುಂಡು ಇರಲಿ. ಚೆಲ್ಲಿದ ನೀರನ್ನು ಕೂಡಲೇ ಒರೆಸಿರಿ. ಪ್ಲಾಸ್ಟಿಕ್ ಹಾಳೆಯನ್ನು ಸದಾ ಹೊದಿಸಿಡಬೇಡಿ, ತೇವ ಅದರಡಿ ನಿಲ್ಲುತ್ತದೆ. ಕಿಟಕಿಯ ಬಿಸಿಲು ನೇರವಾಗಿ ಬೀಳದ ಕಡೆ ಮೇಜನ್ನಿಡಿ. ನಮ್ಮ ಬೇಸಗೆಯ ಒಣಹವೆಗೆ ಹಲಗೆ ಕುಗ್ಗಿ ಬಿರುಕು ಬಿಡುವುದುಂಟು.

ಅಜ್ಜ ಮಾಡಿಸಿದ ಮೇಜು ಮೊಮ್ಮಕ್ಕಳ ಓದಿಗೂ ಒದಗಬೇಕಾದರೆ ಬೇಕಾಗುವುದು ಇಷ್ಟೇ: ಒಂದು ಸಿಂಬಿ, ಒಂದು ಒಣಬಟ್ಟೆ, ಎರಡು ದಿನದ ತಾಳ್ಮೆ.